ತಂಬೂರಿ ಹಿಂದೆ ಗಿರಣಿ: ಮನೆ ರೆಕಾರ್ಡಿಂಗ್‌ಗೆ ಕೊಂಡ ಲ್ಯಾಪ್‌ಟಾಪ್, ನಾಲ್ಕು ವರ್ಷದ ನಂತರ

"ತಂಬೂರಿ ಛಲೋ ಐತಿ. ಹಿಂದ ಗಿರಣಿ ಯಾಕ ಹಚ್ಚೀಯೋ ತಮ್ಮಾ?"

ನನ್ನ ಮೊದಲ ರೆಕಾರ್ಡಿಂಗ್ ಕೇಳಿ ನಮ್ಮ ಕಾಕಾ ಹೇಳಿದ ಮಾತು ಇದು. ಅವರು ಧಾರವಾಡ ಆಕಾಶವಾಣಿಯಲ್ಲಿ ಎಷ್ಟೋ ಸಲ ತಬಲಾ ಸಾಥ್ ಕೊಟ್ಟವರು. 1950ರಲ್ಲಿ ಶುರುವಾದ ನಿಲಯ ಅದು. ಸ್ಟುಡಿಯೋ ಬಾಗಿಲು ಹಾಕಿದರೆ ನಮ್ಮ ಉಸಿರು ನಮಗೇ ಕೇಳ್ತಿತ್ತು ಅಂತ ಈಗಲೂ ಹೇಳುತ್ತಾರೆ. ಅಂಥ ಕಿವಿಯ ಮುಂದೆ ನಾನು ಇಟ್ಟಿದ್ದು ಮಾಳಮಡ್ಡಿಯ ಹಂಚಿನ ಮನೆಯ ನಡುಕೋಣೆಯಲ್ಲಿ ಮಾಡಿದ ಧ್ವನಿಮುದ್ರಣ. ನನ್ನ ಹೆಂಡತಿ ಹಾಡಿದ್ದಳು, ಮಗಳು ತಂಬೂರಿ ಹಿಡಿದಿದ್ದಳು.

ಗಿರಣಿ ಅಂದರೆ ಲ್ಯಾಪ್‌ಟಾಪ್ ಫ್ಯಾನ್. ಆಗ ನನ್ನ ಹತ್ತಿರ ಇದ್ದದ್ದು ಗೇಮಿಂಗ್ ಲ್ಯಾಪ್‌ಟಾಪ್. ಹುಬ್ಬಳ್ಳಿಯ ಅಂಗಡಿಯವರು "ತಗೊಳ್ರಿ ಸರ್, ಎಂಥಾ ಸಾಫ್ಟ್‌ವೇರ್ ಇದ್ರೂ ಓಡತೈತಿ" ಅಂದಿದ್ದರು. ಸುಳ್ಳೇನಲ್ಲ, ಎಲ್ಲಾ ಓಡುತ್ತಿತ್ತು, ಜೊತೆಗೆ ಫ್ಯಾನೂ ಓಡುತ್ತಿತ್ತು. ಆಲಾಪ ಶುರುವಾಗುವಾಗ ಸುಮ್ಮನಿದ್ದು, ಹತ್ತು ನಿಮಿಷಕ್ಕೆ ಸರಿಯಾಗಿ ಭರ್ರ್ ಅಂತ ಏಳುತ್ತಿತ್ತು.

ಅಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುವ ಸೌಲಭ್ಯ ಇದೆಯಲ್ಲ, ಅದನ್ನೂ ಮಾಡಿ ನೋಡಿದೆ. ಬರೀ ಫ್ಯಾನ್ ಸದ್ದು ಇರುವ ಎರಡು ಸೆಕೆಂಡು ತೋರಿಸಿದರೆ ಉಳಿದ ಕಡೆಯಿಂದಲೂ ಅದನ್ನು ತೆಗೆದು ಹಾಕುತ್ತದೆ. ಮಾತು ರೆಕಾರ್ಡ್ ಮಾಡುವವರಿಗೆ ಇಷ್ಟು ಸಾಕು. ತಂಬೂರಿಗೆ ಸಾಲದು. ತಂತಿ ಮೀಟಿದ ಮೇಲೆ ಜವಾರಿಯಿಂದ, ಅಂದರೆ ತಂತಿ ಕೂರುವ ಪಟ್ಟಿಗೆ ಅದು ಸವರುವ ಜಾಗದಿಂದ, ಏಳುವ ಆ ಸಣ್ಣ ಝೇಂಕಾರ ಇದೆಯಲ್ಲ, ಫ್ಯಾನಿನ ಸದ್ದೂ ಅದೇ ಜಾಗದಲ್ಲಿ ಕೂತಿರುತ್ತದೆ. ಫ್ಯಾನ್ ತೆಗೆದರೆ ಝೇಂಕಾರವೂ ಹೋಗುತ್ತದೆ. ಉಳಿಯುವುದು ನೀರಿನೊಳಗೆ ಕೂತು ತಂಬೂರಿ ಕೇಳಿದಂಥ ಸದ್ದು. ಅದೂ ಅಲ್ಲದೆ ಫ್ಯಾನಿನ ವೇಗ ಏರಿಳಿಯುತ್ತಲೇ ಇರುತ್ತದೆ. ಮೊದಲು ತೋರಿಸಿದ ಎರಡು ಸೆಕೆಂಡಿಗೂ ಆಮೇಲಿನ ಸದ್ದಿಗೂ ತಾಳೆಯೇ ಆಗುವುದಿಲ್ಲ.

2021ರಲ್ಲಿ ಕಂತಿನ ಮೇಲೆ ಮ್ಯಾಕ್‌ಬುಕ್ ಏರ್ ಎಂ1 ತಗೊಂಡೆ. 8 ಜಿಬಿ ಮೆಮೊರಿ, 256 ಜಿಬಿ ಸ್ಟೋರೇಜ್, ಅಂದರೆ ಇದ್ದದ್ದರಲ್ಲಿ ಚಿಕ್ಕದು. ಬಿಡುಗಡೆ ಆದಾಗ ಅದರ ಬೆಲೆ 92,900 ರೂಪಾಯಿ. ಹಾರ್ಮೋನಿಯಂ ನುಡಿಸುವ ಸಂಬಳದ ಮನುಷ್ಯನಿಗೆ ಇದು ದೊಡ್ಡ ಮೊತ್ತವೇ. ತಗೊಂಡ ಕಾರಣ ಒಂದೇ: ಅದರಲ್ಲಿ ಫ್ಯಾನೇ ಇಲ್ಲ. ಬಿಸಿ ಅಲ್ಯೂಮಿನಿಯಂ ಮೈಗೆ ಹರಡಿಕೊಂಡು ಹೋಗುತ್ತದೆ. ದೊಡ್ಡ ವಿಡಿಯೋ ಕೆಲಸ ಒಂದೇ ಸಮ ಹಚ್ಚಿದರೆ ಬಿಸಿಯಾಗಿ ನಿಧಾನ ಆಗುತ್ತದೆ, ನಿಜ. ಆದರೆ ಹಾಡು ರೆಕಾರ್ಡ್ ಮಾಡುವುದು ಕಂಪ್ಯೂಟರಿಗೆ ಅಂಥ ಭಾರದ ಕೆಲಸವೇ ಅಲ್ಲ. ಎರಡು ಗಂಟೆ ಮೈಫಿಲ್ ಹಿಡಿದಾಗಲೂ ಕೀಬೋರ್ಡ್ ಬೆಚ್ಚಗೆ ಆಗಿದ್ದು ನನಗೆ ನೆನಪಿಲ್ಲ.

ಜೊತೆಗೆ ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಸ್ಕಾರ್ಲೆಟ್ 2ಐ2 ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕು, ಒಂದು ಡೈನಾಮಿಕ್ ಮೈಕು. ಗೋಡೆಗೆ ಅವ್ವ ಹೊಲಿದ ಎರಡು ಕೌದಿ. ಕೌದಿಗೆ ನಗಬೇಡಿ, ಕೋಣೆಯ ಗಂಯ್‌ಗುಟ್ಟುವಿಕೆ ಅರ್ಧ ಇಳಿಯಿತು.

ಮೊದಲ ವಾರ ಇನ್ನೊಂದು ಕಾಟ. ಚಾರ್ಜರ್ ಹಾಕಿದ ಕೂಡಲೇ ಹೆಡ್‌ಫೋನಿನಲ್ಲಿ ಗುಂಯ್ ಅಂತ ಸಣ್ಣ ಸದ್ದು. ತೆಗೆದರೆ ಇಲ್ಲ. ನಮ್ಮ ಕರೆಂಟ್ 50 ಹರ್ಟ್ಸಿನದು ಅಲ್ವಾ, ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಹೀಗೆ ಆಡಿಯೋ ಒಳಗೆ ನುಸುಳುತ್ತದೆ. ತಪ್ಪು ಲ್ಯಾಪ್‌ಟಾಪಿನದಲ್ಲ, ನಮ್ಮ ಮನೆಯದು. ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಹಳೆಯ ಅರ್ಥ್ ಗುಂಡಿ ಅಗೆದ. ಉಪ್ಪು, ಇದ್ದಿಲು ಎಲ್ಲಾ ಎಂದೋ ಕರಗಿ ಮಣ್ಣಾಗಿತ್ತು. ಹೊಸದು ತುಂಬಿ, "ಬ್ಯಾಸಗ್ಯಾಗ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕ್ರಿ" ಅಂತ ಹೇಳಿ ಹೋದ. ಗುಂಯ್ ಬಹಳ ಮಟ್ಟಿಗೆ ಹೋಯಿತು. ಆದರೂ ಹಾಡುವಾಗ ನಾನು ಚಾರ್ಜರ್ ತೆಗೆದೇ ಇಡುತ್ತೇನೆ.

ಹೀಗಾಗಿ ಬ್ಯಾಟರಿ ಮುಖ್ಯವಾಯಿತು. ಇಂಟರ್‌ಫೇಸ್, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್, ಎಲ್ಲಾ ಲ್ಯಾಪ್‌ಟಾಪಿನಿಂದಲೇ ಹೋಗಬೇಕು. ಹೊಸದರಲ್ಲಿ ಇದೆಲ್ಲ ಹಚ್ಚಿಕೊಂಡೂ ಏಳು ತಾಸು ಬರುತ್ತಿತ್ತು. ಈಗ ಬ್ಯಾಟರಿ ಆರೋಗ್ಯ 83 ಪ್ರತಿಶತ ತೋರಿಸುತ್ತದೆ, ಐದು ತಾಸಿಗೆ ಮೋಸ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮಲ್ಲಿ ಖುಷಿ. ಓಣಿಯ ಟಿವಿ, ಮಿಕ್ಸರ್ ಎಲ್ಲಾ ಬಂದ್, ನಮ್ಮ ರೆಕಾರ್ಡಿಂಗ್ ಮಾತ್ರ ಚಾಲೂ.

ಪೋರ್ಟ್ ಇರುವುದು ಎರಡೇ. ಒಂದಕ್ಕೆ ಇಂಟರ್‌ಫೇಸ್, ಇನ್ನೊಂದಕ್ಕೆ ಫೈಲ್ ಇಡುವ ಹೊರಗಿನ ಎಸ್‌ಎಸ್‌ಡಿ. ಅಲ್ಲಿಗೆ ಮುಗಿಯಿತು. 256 ಜಿಬಿ ಕಡಿಮೆಯೇ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸಲ ಸದ್ದು ಅಳೆಯುವ ಲೆಕ್ಕ) ಎರಡು ಟ್ರ್ಯಾಕ್ ಒಂದು ತಾಸು ಹಿಡಿದರೆ ಸುಮಾರು 1 ಜಿಬಿ ಆಗುತ್ತದೆ. ಹಾಡುವವರು ಒಂದೇ ಚೀಜನ್ನು, ಅಂದರೆ ರಚನೆಯನ್ನು, ಐದು ಸಲ ಹಾಡುತ್ತಾರೆ, ಒಂದನ್ನೂ ಅಳಿಸಲು ಬಿಡುವುದಿಲ್ಲ. ಲೆಕ್ಕ ನೀವೇ ಹಾಕಿ. ಮೆಮೊರಿ ಆಮೇಲೆ ಹೆಚ್ಚಿಸುವ ಹಾಗಿಲ್ಲ. ನನ್ನ ಐದಾರು ಟ್ರ್ಯಾಕಿಗೆ 8 ಜಿಬಿ ಸಾಕಾಗಿದೆ. ದೊಡ್ಡ ದೊಡ್ಡ ವಾದ್ಯಗಳ ಲೈಬ್ರರಿ ಹಾಕಿ ಸಿನಿಮಾ ಥರ ಸಂಗೀತ ಕಟ್ಟುವವರಿಗೆ ಸಾಲದು.

ಸಾಫ್ಟ್‌ವೇರ್ ವಿಷಯ. ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತದೆ. ಒಂದು ವರ್ಷ ಅದರಲ್ಲೇ ಕಳೆದೆ. ಆದರೆ ಅದು 44.1 ಕಿಲೋಹರ್ಟ್ಸ್ ಬಿಟ್ಟು ಬೇರೆಗೆ ಹೋಗುವುದಿಲ್ಲ, ವಿಡಿಯೋಗೆ 48 ಬೇಕಾದಾಗ ಪರಿವರ್ತನೆಯ ರಗಳೆ. ಈಗ ರೀಪರ್ ಅನ್ನುವ ಇನ್ನೊಂದು ಸಾಫ್ಟ್‌ವೇರ್. 60 ದಿನ ಪುಕ್ಕಟೆ ಬಳಸಿ ನೋಡಬಹುದು, ಆಮೇಲೆ ದುಡ್ಡು ಕೊಟ್ಟೆ. ಎರಡರಲ್ಲೂ ತೆರೆದ ಕೂಡಲೇ 4/4, 120 ಅಂತ, ಅಂದರೆ ನಾಲ್ಕು ಬಡಿತದ ತಾಳ, ನಿಮಿಷಕ್ಕೆ 120 ಬಡಿತ ಅಂತ, ಕೂತಿರುತ್ತದೆ. ವಿಲಂಬಿತ ಏಕತಾಲ, ಅಂದರೆ ಬಹಳ ನಿಧಾನದ ಹನ್ನೆರಡು ಮಾತ್ರೆಯ ತಾಳ, ಹಾಡುವವರಿಗೆ ಅದರಿಂದ ಏನಾಗಬೇಕು? ಟಕ್ ಟಕ್ ಅಂತ ಬಡಿಯುವ ಮೆಟ್ರೋನೋಮ್ ಬಂದ್ ಮಾಡಿ, ಮೇಲಿನ ಪಟ್ಟಿಯಲ್ಲಿ ನಿಮಿಷ ಸೆಕೆಂಡು ತೋರಿಸುವ ಹಾಗೆ ಮಾಡಿಕೊಳ್ಳಿ.

ಎಂ1ಏ ತಗೊಳ್ಳಿ ಅಂತ ಈಗ ಹೇಳುವುದಿಲ್ಲ, ಅದು 2020ರ ಮಾದರಿ. ಆಮೇಲೆ ಬಂದ ಏರ್‌ಗಳಲ್ಲೂ ಫ್ಯಾನ್ ಇಲ್ಲ. 2024ರ ಕೊನೆಯಿಂದ 16 ಜಿಬಿಯಿಂದಲೇ ಶುರುವಾಗುತ್ತವೆ. ವಿಂಡೋಸ್ ಇದ್ದವರು ಅದನ್ನು ಮಾರಬೇಕಾಗಿಯೂ ಇಲ್ಲ. ಗದಗಿನಲ್ಲಿ ಭಜನೆ, ತತ್ವಪದ ಹಿಡಿಯುವ ಗೆಳೆಯ ಒಬ್ಬ ಇದ್ದಾನೆ. ಅವನು ಫ್ಯಾನ್ ಕೂಗುವ ಹಳೇ ಲ್ಯಾಪ್‌ಟಾಪನ್ನು ಅಡುಗೆಮನೆಯಲ್ಲಿಟ್ಟು, ಐದು ಮೀಟರ್ ಯುಎಸ್‌ಬಿ ಕೇಬಲ್ಲನ್ನು ಕಿಟಕಿಯಿಂದ ಕೋಣೆಗೆ ಎಳೆದಿದ್ದಾನೆ. ಐದಕ್ಕಿಂತ ಉದ್ದ ಬೇಡ, ಸಿಗ್ನಲ್ ಕೆಡುತ್ತದೆ. ರೆಕಾರ್ಡ್ ಬಟನ್ ಒತ್ತುವುದು ಅವನ ಹೆಂಡತಿ, ಒಗ್ಗರಣೆ ನಡುವೆ. ಒಮ್ಮೆ ಒತ್ತಲು ಮರೆತು ಒಂದಿಡೀ ಭಜನೆ ಹೋಯಿತು. ಅವಳನ್ನು ಬೈಯುವ ಧೈರ್ಯ ಅವನಿಗಿರಲಿಲ್ಲ.

ಕೊನೆಗೊಂದು ತೊಂದರೆ. ಲ್ಯಾಪ್‌ಟಾಪ್ ಸುಮ್ಮನಾದ ಮೇಲೆ ಉಳಿದದ್ದೆಲ್ಲಾ ಕೇಳತೊಡಗಿತು. ಸ್ಟೇಷನ್ ಹತ್ತಿರವೇ ಇದೆ, ರೈಲಿನ ಸೀಟಿ ಬಂದರೆ ಹಾಡುತ್ತಿದ್ದ ತಾನ್ (ವೇಗದ ಸ್ವರಗಳ ಓಟ) ನಮ್ಮಾಕಿ ಅಲ್ಲೇ ಬಿಡುತ್ತಾಳೆ. ಗೋಡೆ ಗಡಿಯಾರ ಹೊರಗೆ ಹೋಯಿತು. ಫ್ರಿಜ್ಜೂ ಆರಿಸಬೇಕು. ಆರಿಸಿ ಮರೆತು ಎರಡು ಸಲ ಹಾಲು ಒಡೆಯಿತು. ಈಗ ಗಾಡಿ ಕೀಲಿ ಫ್ರಿಜ್ಜಿನೊಳಗೆ ಇಟ್ಟೇ ಸ್ವಿಚ್ ಆರಿಸುತ್ತೇನೆ. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ತಣ್ಣನೆಯ ಕೀಲಿ ಸಿಗುತ್ತದೆ, ಸ್ವಿಚ್ಚೂ ನೆನಪಾಗುತ್ತದೆ.