ಗರ್ಭಿಣಿಯರಿಗೆ ಸಂದರ್ಶನ ತರಬೇತಿ: ಪಡೆದವಳ ಅಭಿಪ್ರಾಯ

ಐದನೇ ತಿಂಗಳಿನಲ್ಲಿದ್ದಾಗ ನನಗೆ ಹೊಸ ಕೆಲಸದ ಸಂದರ್ಶನಕ್ಕೆ ಕರೆ ಬಂದಿತು. ಗರ್ಭಿಣಿ ಎಂಬುದನ್ನು ಹೇಳಬೇಕೇ, ಹೇಳುವುದಾದರೆ ಯಾವಾಗ ಎಂಬ ಯೋಚನೆ ನಿದ್ದೆಗೆಡಿಸಿದ್ದರಿಂದ ಉದ್ಯೋಗ ಸಲಹಾ ಸಂಸ್ಥೆಯೊಂದರ ಆನ್‌ಲೈನ್ ತರಬೇತಿಗೆ ಸೇರಿಕೊಂಡೆ. ಒಂದು ಗಂಟೆ ಸಮಾಲೋಚನೆ, ಮತ್ತೊಂದು ಗಂಟೆ ಅಣಕು ಸಂದರ್ಶನ.

ಕೊಟ್ಟ ಹಣ ಸಾರ್ಥಕವಾದದ್ದು ಅಣಕು ಸಂದರ್ಶನದಲ್ಲಿ. "ಮುಂದಿನ ಒಂದು ವರ್ಷಕ್ಕೆ ನಿಮ್ಮ ಯೋಜನೆಗಳೇನು?" ಎಂದು ತರಬೇತುದಾರರು ಕೇಳಿದ ಕೂಡಲೇ ನನ್ನ ಬಲಗೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು, ಬಾಯಿಂದ ಮೊದಲು ಹೊರಟ ಮಾತು "ಕ್ಷಮಿಸಿ" ಎಂದಾಗಿತ್ತು. ಅವರು ವಿಡಿಯೊವನ್ನು ಹಿಂದಕ್ಕೆ ಓಡಿಸಿ ತೋರಿಸಿದಾಗ, ನಾಲ್ಕು ನಿಮಿಷದಲ್ಲಿ ಮೂರು ಬಾರಿ ಕ್ಷಮೆ ಕೇಳಿದ್ದೆನೆಂದು ತಿಳಿದು ನನಗೇ ಸಂಕಟವಾಯಿತು. ಕೊನೆಗೆ ಉಳಿದದ್ದು ಎರಡೇ ವಾಕ್ಯ: "ನಾನು ಗರ್ಭಿಣಿ, ಇಂಥ ತಿಂಗಳಿನಿಂದ ಇಷ್ಟು ವಾರ ರಜೆಯಲ್ಲಿರುತ್ತೇನೆ. ಅದಕ್ಕೆ ಮೊದಲು ಈ ಕೆಲಸವನ್ನು ಈ ಹಂತಕ್ಕೆ ತಲುಪಿಸಬಲ್ಲೆ." ಧ್ವನಿ ನಡುಗದೆ ಬರುವವರೆಗೂ ಅವರು ಅದನ್ನು ನನ್ನಿಂದ ತಾಳ್ಮೆಯಿಂದ ಹೇಳಿಸಿದರು.

ಯಾವಾಗ ಹೇಳಬೇಕೆಂಬ ಸಲಹೆಯೂ ಚೆನ್ನಾಗಿತ್ತು. ನೇಮಕಾತಿಯ ಪ್ರಸ್ತಾವ ಲಿಖಿತವಾಗಿ ಕೈಸೇರಿದ ಮೇಲೆ, ಸೇರುವ ದಿನಾಂಕ ನಿಗದಿಯಾಗುವ ಮುನ್ನ ತಿಳಿಸಿದರೆ, ಆಮೇಲೆ ಕಂಪನಿಯವರು ಹಿಂದೆ ಸರಿದರೆ ಅದು ಯಾಕೆಂಬುದು ಮರೆಯಾಗಿ ಉಳಿಯುವುದಿಲ್ಲ. ಹೊಟ್ಟೆ ಎದ್ದು ಕಾಣುವಂತಿದ್ದರೆ ಮಾತ್ರ ಸಂದರ್ಶನದ ಕೊನೆಯಲ್ಲಿ ನಾವೇ ಪ್ರಸ್ತಾಪಿಸುವುದು ಮೇಲು ಎಂದರು ತರಬೇತುದಾರರು, ನನಗೂ ಅದು ಸರಿಯೆನಿಸಿತು.

ಸಮಾಲೋಚನೆ ಮಾತ್ರ ನಿರಾಶೆ ತಂದಿತು. ಅದನ್ನು ನಡೆಸಿದವರು ಬೇರೆಯವರು. ಕಂಪನಿಗೆ ಕೇಳುವ ಹಕ್ಕಿದೆ, ಮುಚ್ಚಿಟ್ಟರೆ ಮುಂದೆ ಕೆಲಸದಿಂದ ತೆಗೆಯಬಹುದು ಎಂದು ಅವರು ಎಲ್ಲ ಕಡೆಗೂ ಒಂದೇ ನಿಯಮವೆಂಬಂತೆ ಹೇಳಿದ್ದು ತಪ್ಪು. ಕೆಲಸಕ್ಕೆ ಅರ್ಜಿ ಹಾಕುವ ಮಹಿಳೆಯಿಂದ ಗರ್ಭಪರೀಕ್ಷೆಯನ್ನಾಗಲಿ ಅದರ ಪ್ರಮಾಣಪತ್ರವನ್ನಾಗಲಿ ಕೇಳಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ 183ನೇ ಒಡಂಬಡಿಕೆ ಹೇಳುತ್ತದೆ. ದೇಶದ ಕಾನೂನು ಗರ್ಭಿಣಿಯರಿಗೆ ನಿಷೇಧಿಸಿದ ಅಥವಾ ನಿರ್ಬಂಧಿಸಿದ, ಇಲ್ಲವೇ ತಾಯಿ ಮತ್ತು ಮಗುವಿನ ಆರೋಗ್ಯಕ್ಕೆ ಅಪಾಯವಿರುವಂಥ ಕೆಲಸಗಳಿಗೆ ಮಾತ್ರ ವಿನಾಯಿತಿ. ಗರ್ಭಿಣಿ ಎಂಬ ಕಾರಣಕ್ಕೆ ಅರ್ಹಳನ್ನು ನೇಮಿಸದಿರುವುದು ನೇರ ಲಿಂಗ ತಾರತಮ್ಯ ಎಂದು ಯುರೋಪಿನ ನ್ಯಾಯಾಲಯ 1990ರಲ್ಲೇ ತೀರ್ಪಿತ್ತಿದೆ. ನೇಮಕದ ವೇಳೆ ತಿಳಿಸಲಿಲ್ಲವೆಂದು ನಿಗದಿತ ಅವಧಿಯ ನೌಕರಳನ್ನು ವಜಾ ಮಾಡುವುದೂ ಸಲ್ಲದೆಂದು ಅದೇ ನ್ಯಾಯಾಲಯ 2001ರಲ್ಲಿ ಹೇಳಿತು. ದೇಶದಿಂದ ದೇಶಕ್ಕೆ ಕಾನೂನು ಬೇರೆ ನಿಜ, ಆದ್ದರಿಂದಲೇ ಎದುರಿಗೆ ಕೂತವಳ ದೇಶದ್ದು ಯಾವುದೆಂದು ಮೊದಲು ವಿಚಾರಿಸಬೇಕಿತ್ತು. ಹೆರಿಗೆ ರಜೆಯ ವೇತನ ಸಿಗಬೇಕಾದರೆ ಅದಕ್ಕೆ ಮೊದಲು ಇಂತಿಷ್ಟು ಕಾಲ ದುಡಿದಿರಬೇಕೆಂಬ ಷರತ್ತು ಹಲವು ದೇಶಗಳಲ್ಲಿದೆ. ಸೇರುವ ದಿನ ಎರಡು ವಾರ ಮುಂದಕ್ಕೆ ಹೋದರೂ ಅದು ಕೈತಪ್ಪಬಹುದು. ಗರ್ಭಿಣಿಯರಿಗೆಂದೇ ಸೇವೆ ನೀಡುವವರು ಈ ಮಾತನ್ನೇ ಎತ್ತದಿದ್ದದ್ದು ನನಗೆ ಬಹಳ ಬೇಸರ ತಂದಿತು.

ತರಬೇತಿಯ ಬಗ್ಗೆ ಅವರು ಕೊಡಬೇಕಿದ್ದ ಲಿಖಿತ ವರದಿ ಒಂಬತ್ತು ದಿನ ತಡವಾಗಿ, ನನ್ನ ಸಂದರ್ಶನ ಮುಗಿದ ಮೇಲೆ ತಲುಪಿತು.

ಸೇರಬಯಸುವವರು ಅಣಕು ಸಂದರ್ಶನವೊಂದನ್ನೇ ತೆಗೆದುಕೊಳ್ಳಿ. ಅದನ್ನು ಪ್ರತ್ಯೇಕವಾಗಿಯೂ ಕೊಡುತ್ತಾರೆ, ಆದರೆ ಕೇಳಿದವರಿಗೆ ಮಾತ್ರ ಹೇಳುತ್ತಾರೆ.