180 ಎಂದು ತೋರಿಸುವ ಓವನ್‌ನಲ್ಲಿ ಆಲೂಗಡ್ಡೆ ಬಿಲ್ಲೆ: ನಾಲ್ಕೂವರೆ ವರ್ಷದ ಬಳಕೆಯ ನಂತರ

ನಮ್ಮ ಅಡುಗೆಮನೆಯ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಆಗುವ) ಓವನ್‌ನಲ್ಲಿ ಶಾಖ ಹೊಂದಿಸುವ ಗುಂಡಿಯ ಸುತ್ತ ಕೆಂಪು ಉಗುರುಬಣ್ಣದ ಮೂರು ಚುಕ್ಕೆಗಳಿವೆ. ಕಂಪನಿಯವರು ಅಚ್ಚು ಹಾಕಿರುವ ಅಂಕಿಗಳನ್ನು ನಾನು ನೋಡುವುದನ್ನು ಬಿಟ್ಟು ಮೂರು ವರ್ಷ ಕಳೆದಿದೆ. ಈಗ ನನಗೆ ಆ ಚುಕ್ಕೆಗಳೇ ಅಂಕಿಗಳು. ಈ ವಿಮರ್ಶೆಯನ್ನು ಬರೆಯಲು ಕಾರಣವೂ ಅವೇ.

ಓವನ್ ಕೊಂಡದ್ದು 2020ರ ದಸರಾ ಸಮಯದಲ್ಲಿ. 28 ಲೀಟರಿನದು, ಬೆಲೆ 8,400 ರೂಪಾಯಿ. ಮೊದಲ ವರ್ಷ ಅದರಲ್ಲಿ ಕೇಕ್, ನಾನ್‌ಖಟಾಯಿ, ಆಗೊಮ್ಮೆ ಈಗೊಮ್ಮೆ ಬ್ರೆಡ್ ಮಾಡುತ್ತಿದ್ದೆ. ಎಲ್ಲವೂ ಚೆನ್ನಾಗಿಯೇ ಆಗುತ್ತಿದ್ದವು. ನಾನ್‌ಖಟಾಯಿಯ ತಳ ಸ್ವಲ್ಪ ಹೆಚ್ಚು ಕೆಂಪಾಗುತ್ತಿತ್ತು, ಅದಕ್ಕೆ ನನ್ನ ತುಪ್ಪದ ಅಳತೆಯೇ ಕಾರಣವೆಂದು ತಿಳಿದಿದ್ದೆ. 2021ರ ಕೊನೆಯಲ್ಲಿ ನಮ್ಮ ಮಾವನವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಮನೆಯಲ್ಲಿ ಕರಿಯುವ ಬಾಣಲೆ ಅಟ್ಟ ಸೇರಿತು. ಅವರು ಊಟದ ವಿಷಯದಲ್ಲಿ ಯಾವತ್ತೂ ಯಾವುದನ್ನೂ ಕೇಳಿದವರಲ್ಲ. ಆದರೆ ಒಂದು ದಿನ ತಿಳಿಸಾರು ಅನ್ನ ಕಲಸಿಕೊಂಡವರು ಬಹಳ ಹೊತ್ತು ತಟ್ಟೆಯನ್ನೇ ನೋಡುತ್ತ ಕುಳಿತು, "ಪಕ್ಕದಲ್ಲಿ ಗರಿಗರಿಯಾಗಿ ಏನಾದರೂ ಒಂದು ಇದ್ದಿದ್ದರೆ ಚೆನ್ನಾಗಿತ್ತಮ್ಮ" ಎಂದರು. ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಚಿಪ್ಸಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆಯೇ ಇರುತ್ತದೆ. ಅದನ್ನು ಕೊಡುವ ಹಾಗಿರಲಿಲ್ಲ. ಓವನ್ ಹೇಗೂ ಇದೆಯಲ್ಲ, ಬಿಲ್ಲೆಗಳನ್ನು ಅದರಲ್ಲೇ ಬೇಯಿಸೋಣ ಎಂದುಕೊಂಡೆ.

ಅಲ್ಲಿಂದ ನಾಲ್ಕು ತಿಂಗಳು ಸೋಲಿನ ಮೇಲೆ ಸೋಲು. ಪುಸ್ತಕದಲ್ಲಿ, ವಿಡಿಯೊಗಳಲ್ಲಿ ಹೇಳಿದ ಹಾಗೆ 180ಕ್ಕೆ ಇಟ್ಟರೆ ಟ್ರೇಯ ಬಲಭಾಗದ ಹಿಂದಿನ ಮೂಲೆಯ ಏಳೆಂಟು ಬಿಲ್ಲೆಗಳು ಹತ್ತೇ ನಿಮಿಷದಲ್ಲಿ ಸೀದು ಕಪ್ಪಾಗುತ್ತಿದ್ದವು, ಬಾಗಿಲ ಬಳಿಯವು ಒದ್ದೆ ಬಟ್ಟೆಯಂತೆ ಮೆತ್ತಗೆ ಉಳಿಯುತ್ತಿದ್ದವು, ನಡುವಿನವು ಅಂಚಿನಲ್ಲಿ ಕಂದು, ಹೊಟ್ಟೆಯಲ್ಲಿ ಹಸಿ. ತೆಳ್ಳಗೆ ಹೆಚ್ಚಿದೆ, ದಪ್ಪಗೆ ಹೆಚ್ಚಿದೆ, ಎಣ್ಣೆ ಕಡಿಮೆ ಮಾಡಿದೆ, ಆಲೂಗಡ್ಡೆ ಬದಲಿಸಿದೆ. ತಪ್ಪು ನನ್ನ ಕೈಯಲ್ಲಿಲ್ಲ, ಆ ಗುಂಡಿಯಲ್ಲಿದೆ ಎಂದು ಹೊಳೆಯಲು ನಾಲ್ಕು ತಿಂಗಳು ಬೇಕಾಯಿತು. ಕೊನೆಗೆ ಓವನ್ ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಒಂದನ್ನು 450 ರೂಪಾಯಿ ಕೊಟ್ಟು ತರಿಸಿ ನಡುವಿನ ಜಾಲರಿಯ ಮೇಲಿಟ್ಟು, ಗುಂಡಿಯನ್ನು 180ಕ್ಕೆ ತಿರುಗಿಸಿ, ಗಾಜಿನ ಮುಂದೆ ಕುಳಿತೆ. ಮುಳ್ಳು 180 ದಾಟಿತು, 200 ದಾಟಿತು, 225ರ ಹತ್ತಿರ ಹೋದಾಗ ಟಕ್ ಎಂದು ಸದ್ದಾಗಿ ರಾಡುಗಳ ಕೆಂಪು ಆರಿತು. 195ಕ್ಕೆ ಇಳಿದಾಗ ಮತ್ತೆ ಹೊತ್ತಿಕೊಂಡಿತು. ಅಂದರೆ 180 ಎಂದು ಬರೆದಿರುವ ಜಾಗದಲ್ಲಿ ಸರಾಸರಿ 210 ಡಿಗ್ರಿ ಸೆಲ್ಸಿಯಸ್!

ಕೇಕ್ ಈ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ, ಏಕೆಂದರೆ ಹಿಟ್ಟಿನ ಮುದ್ದೆಯ ಒಳಗೆ ನೀರಿರುವವರೆಗೂ ಅದರ ನಡುಭಾಗ ನೂರು ಡಿಗ್ರಿಯನ್ನು ದಾಟುವುದಿಲ್ಲ. ಎರಡು ಮಿಲಿಮೀಟರ್ ದಪ್ಪದ ಆಲೂಗಡ್ಡೆ ಬಿಲ್ಲೆಗೆ ಅಂಥ ಆಸರೆ ಇಲ್ಲ. ಅದರ ನೀರು ಮುಗಿದ ಕ್ಷಣದಿಂದ ಹೊನ್ನಿನ ಬಣ್ಣ ಕಂದಾಗಲು ಎರಡು ನಿಮಿಷ ಸಾಕು. ಆಲೂಗಡ್ಡೆಯಷ್ಟು ಕಟ್ಟುನಿಟ್ಟಾಗಿ ಓವನ್ನಿನ ಪರೀಕ್ಷೆ ಮಾಡುವ ಪದಾರ್ಥ ಬೇರೊಂದನ್ನು ನಾನು ಕಂಡಿಲ್ಲ.

ಕಂಪನಿಯ ಸೇವಾ ಕೇಂದ್ರಕ್ಕೆ ಫೋನ್ ಮಾಡಿದಾಗ ಎರಡು ವರ್ಷದ ವಾರಂಟಿ ಇನ್ನೂ ಉಳಿದಿತ್ತು. ಹತ್ತು ದಿನಗಳ ನಂತರ ಬಂದ ತಂತ್ರಜ್ಞರು ಓವನ್ ಹೊತ್ತಿಸಿ, ರಾಡುಗಳು ಕೆಂಪಾಗುವುದನ್ನು ನೋಡಿ, "ಕೆಲಸ ಮಾಡ್ತಾ ಇದೆಯಲ್ಲ ಮೇಡಂ, ಹತ್ತು ಹದಿನೈದು ಡಿಗ್ರಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತೆ" ಎಂದರು. ನನ್ನ ಥರ್ಮಾಮೀಟರ್ ತೋರಿಸಿ ಇದು ಹದಿನೈದಲ್ಲ, ಮೂವತ್ತು ಎಂದೆ. ಹೊರಗಿನ ಥರ್ಮಾಮೀಟರನ್ನು ಒಪ್ಪುವ ಹಾಗಿಲ್ಲ ಎಂದರು. ಅವರ ಚೀಲದಲ್ಲಿ ತಮ್ಮದೊಂದು ಥರ್ಮಾಮೀಟರ್ ಇರಲಿಲ್ಲ. ಶಾಖವನ್ನು ಅಳೆಯುವ ಸಾಧನವಿಲ್ಲದೆ ಶಾಖದ ಉಪಕರಣವನ್ನು ಪರೀಕ್ಷಿಸಲು ಮನುಷ್ಯರನ್ನು ಕಳಿಸುವ ಪದ್ಧತಿ ನನಗೆ ಇಂದಿಗೂ ಸರಿಕಾಣುವುದಿಲ್ಲ. ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟನ್ನು ಬದಲಿಸಲಿಲ್ಲ, ಇನ್ನೊಂದು ದೂರು ಕೊಟ್ಟರೂ ಫಲ ಸಿಗಲಿಲ್ಲ. ಆ ದಿನ ಯಾರಾದರೂ ಕೇಳಿದ್ದರೆ ಇಂಥ ಓವನ್ ಕೊಳ್ಳಲೇಬೇಡಿ ಎನ್ನುತ್ತಿದ್ದೆ.

ಹಾಗೆ ಹೇಳದಿರಲು ಕಾರಣ, ಮರುದಿನ ಮಗಳು ತನ್ನ ಉಗುರುಬಣ್ಣದ ಶೀಸೆಯನ್ನು ತಂದುಕೊಟ್ಟದ್ದು. ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿ ಬಾರಿಯೂ ಇಪ್ಪತ್ತು ನಿಮಿಷ ಕಾದು, ಮುಳ್ಳು ಮೇಲೆ ಕೆಳಗೆ ಆಡುವ ನಡುವಿನ ಅಂಕಿಯನ್ನು ಬರೆದುಕೊಂಡೆವು. ನಿಜವಾದ 120 ಸಿಕ್ಕಿದ್ದು 100 ಎಂದು ಬರೆದಲ್ಲಿ. ನಿಜವಾದ 150 ಸಿಕ್ಕಿದ್ದು 125ರ ಆಸುಪಾಸಿನಲ್ಲಿ, 180 ಸಿಕ್ಕಿದ್ದು 150ನ್ನು ತುಸು ದಾಟಿದ ಮೇಲೆ. ಮೂರು ಕಡೆ ಮೂರು ಚುಕ್ಕೆ ಇಟ್ಟೆವು. ಅಂದು ಸಂಜೆ 150ರ ಚುಕ್ಕೆಗೆ ಇಟ್ಟು ಮಾಡಿದ ಬಿಲ್ಲೆಗಳನ್ನು ಮಾವನವರ ಮುಂದಿಟ್ಟಾಗ, ಅವರು ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿದರು. ಆ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು.

ಈಗ ವಾರಕ್ಕೆ ಎರಡು ಸಂಜೆ ಈ ಕೆಲಸ ನಡೆಯುತ್ತದೆ. 400 ಗ್ರಾಂ ಆಲೂಗಡ್ಡೆಯ ಸಿಪ್ಪೆ ತೆಗೆದು ಚಿಪ್ಸ್ ಮಣೆಯಲ್ಲಿ ಒಂದೇ ದಪ್ಪಕ್ಕೆ ಹೆಚ್ಚುತ್ತೇನೆ. ಈಳಿಗೆಯಲ್ಲಿ ನನ್ನ ಕೈಗೆ ಅಷ್ಟು ಸಮ ಬರುವುದಿಲ್ಲ, ದಪ್ಪ ಹೆಚ್ಚುಕಡಿಮೆಯಾದರೆ ಒಂದು ಸೀಯುವ ಹೊತ್ತಿಗೆ ಇನ್ನೊಂದು ಹಸಿಯಾಗಿಯೇ ಇರುತ್ತದೆ. ಬಿಲ್ಲೆಗಳನ್ನು ಅಗಲ ಪಾತ್ರೆಯ ತಣ್ಣೀರಿನಲ್ಲಿ ಬಿಟ್ಟರೆ ಮೊದಲ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುತ್ತದೆ, ಎರಡನೆಯದು ಮಬ್ಬಾಗಿ, ಮೂರನೆಯದರಲ್ಲಿ ಪಾತ್ರೆಯ ತಳ ಕಾಣಿಸುತ್ತದೆ. ಹೊರಮೈಯ ಪಿಷ್ಟ ಹೋಗದಿದ್ದರೆ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ಟ್ರೇಗೆ ಹಾಸಿದ ಕಾಗದದಿಂದಲೂ ಏಳುವುದಿಲ್ಲ. ಆಮೇಲೆ ಕುದಿಯುವ ನೀರಿಗೆ ಒಂದು ಚಮಚ ವಿನಿಗರ್ ಹಾಕಿ ಬಿಲ್ಲೆಗಳನ್ನು ಎರಡೇ ನಿಮಿಷ ಬಿಟ್ಟು ತೆಗೆಯುತ್ತೇನೆ. ಬಿಸಿನೀರು ಆಲೂಗಡ್ಡೆಯ ಸಕ್ಕರೆಯನ್ನು ಒಂದಿಷ್ಟು ಸೆಳೆದುಕೊಳ್ಳುತ್ತದೆ, ಹುಳಿಯಿಂದಾಗಿ ಬಿಲ್ಲೆ ಒಡೆಯದೆ ಬಿಗಿಯಾಗಿ ಉಳಿಯುತ್ತದೆ.

ಇನ್ನು ಒರೆಸುವುದು. ಮಾವನವರ ಹಳೆಯ ಪಂಚೆಯೊಂದನ್ನು ಇದಕ್ಕೆಂದೇ ಒಗೆದು ಮಡಿಸಿಟ್ಟಿದ್ದೇನೆ. ಅರ್ಧ ಪಂಚೆಯನ್ನು ಊಟದ ಮೇಜಿನ ಮೇಲೆ ಹಾಸಿ, ಬಿಲ್ಲೆಗಳನ್ನು ಒಂದೊಂದಾಗಿ ಹರಡಿ, ಉಳಿದರ್ಧವನ್ನು ಮೇಲೆ ಹೊದಿಸಿ ಅಂಗೈಯಿಂದ ಒತ್ತುವ ಕೆಲಸವನ್ನು ಮಾವನವರೇ ವಹಿಸಿಕೊಂಡಿದ್ದಾರೆ. ಆಲೂಗಡ್ಡೆಯ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಭಾಗ ನೀರೇ ಆಗಿರುವುದರಿಂದ ಹೊರಗಿನ ತೇವವನ್ನೂ ಓವನ್ ಮೇಲೆ ಹೊರಿಸಿದರೆ ಬಿಲ್ಲೆ ಗರಿಯಾಗುವ ಮೊದಲು ಹಬೆಯಲ್ಲಿ ಬೆಂದುಬಿಡುತ್ತದೆ. ಒಣಗಿದವನ್ನು ಬೋಗುಣಿಗೆ ಹಾಕಿ ಎರಡು ಸಣ್ಣ ಚಮಚ ಗಾಣದ ಕಡಲೆಕಾಯಿ ಎಣ್ಣೆ ಬಿಟ್ಟು ಕೈಯಿಂದಲೇ ಸವರುತ್ತೇನೆ. ಉಪ್ಪನ್ನು ಈಗ ಹಾಕಬಾರದು, ಹಾಕಿದರೆ ಮತ್ತೆ ನೀರು ಬಿಟ್ಟುಕೊಳ್ಳುತ್ತದೆ. ಉಪ್ಪು, ಅಚ್ಚಖಾರದ ಪುಡಿ, ಚಿಟಿಕೆ ಇಂಗು ಇವೆಲ್ಲ ಓವನ್‌ನಿಂದ ಹೊರಗೆ ತೆಗೆದ ಬಿಸಿಯಲ್ಲೇ.

ಟ್ರೇಗೆ ಹಾಸುವ ಕಾಗದದ ಬಗ್ಗೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಬಟರ್ ಪೇಪರ್ ಎಂದು ಕೊಡುವ ಅಗ್ಗದ ಸುರುಳಿಗಳೆಲ್ಲ ಓವನ್‌ಗೆ ಆಗುವುದಿಲ್ಲ. ನಾನು ಮೊದಲು ತಂದದ್ದು ಹೊಗೆಯಾಡಿ ಬಿಲ್ಲೆಗಳಿಗೆಲ್ಲ ಸುಟ್ಟ ವಾಸನೆ ಹತ್ತಿಸಿತು. ಎಷ್ಟು ಡಿಗ್ರಿಯವರೆಗೆ ತಡೆಯುತ್ತದೆ ಎಂದು ಬರೆದಿರುವ ಬೇಕಿಂಗ್ ಪೇಪರನ್ನೇ ಕೊಳ್ಳಬೇಕು.

ಮೇಲಿನ, ಕೆಳಗಿನ ಎರಡೂ ರಾಡು ಹೊತ್ತಿಸಿ, 150ರ ಚುಕ್ಕೆಯಲ್ಲಿ ಹದಿನೈದು ನಿಮಿಷ ಇಟ್ಟು, ಟ್ರೇಯ ಹಿಂದು ಮುಂದಾಗುವಂತೆ ತಿರುಗಿಸಿ ಮತ್ತೆ ಹತ್ತರಿಂದ ಹನ್ನೆರಡು ನಿಮಿಷ ಬಿಡುತ್ತೇನೆ. ಬಲ ಹಿಂದಿನ ಮೂಲೆ ಈಗಲೂ ಬಿಸಿ ಜಾಸ್ತಿ, ಆದ್ದರಿಂದ ಅಲ್ಲಿಯವನ್ನು ಇಕ್ಕಳದಿಂದ ಮೊದಲು ತೆಗೆಯಬೇಕು. ಬಿಲ್ಲೆಗಳು ತಿಳಿ ಹೊನ್ನಿನ ಬಣ್ಣಕ್ಕೆ ಬಂದು ಇನ್ನೂ ತುಸು ಬಾಗುತ್ತಿರುವಾಗಲೇ ಸ್ವಿಚ್ ಆರಿಸಿ, ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ ಎಂಟು ನಿಮಿಷ ಬಿಡುತ್ತೇನೆ. ಈ ಎಂಟು ನಿಮಿಷವನ್ನು ಯಾವ ವಿಡಿಯೊದಲ್ಲೂ ನಾನು ನೋಡಿರಲಿಲ್ಲ, ಒಮ್ಮೆ ಕರೆಂಟು ಹೋದಾಗ ತಾನಾಗಿ ತಿಳಿಯಿತು. ಉಳಿದ ಹಬೆ ಸಂದಿಯಿಂದ ಹೊರಗೆ ಹೋಗುತ್ತದೆ, ಆರುತ್ತಿರುವ ಒಲೆಯ ಶಾಖಕ್ಕೆ ಬಿಲ್ಲೆ ಬಣ್ಣ ಏರದೆ ಒಣಗುತ್ತದೆ. ಒಳಗಿನಿಂದ ಸಣ್ಣಗೆ ಚಿಟಿ ಚಿಟಿ ಎಂದು ಕೇಳುತ್ತಿರುತ್ತದೆ. ಆ ಸದ್ದು ನಿಂತರೆ ಆಯಿತು ಎಂದು ಅರ್ಥ.

ಬಣ್ಣದ ಮೇಲೆ ಇಷ್ಟು ಹಟ ಏಕೆಂದರೆ, ಕಂದುಬಣ್ಣ ರುಚಿಯನ್ನಷ್ಟೇ ಕೆಡಿಸುವುದಿಲ್ಲ. ಆಲೂಗಡ್ಡೆಯಂಥ ಪಿಷ್ಟದ ಪದಾರ್ಥ 120 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಒಣಗಿ ಕೆಂಪಾಗುವಾಗ ಅದರಲ್ಲಿರುವ ಸಕ್ಕರೆ ಮತ್ತು ಆಸ್ಪರಜಿನ್ ಎಂಬ ಅಮೈನೊ ಆಮ್ಲ ಸೇರಿ ಆಕ್ರಿಲಮೈಡ್ ಎಂಬ ರಾಸಾಯನಿಕ ಉಂಟಾಗುತ್ತದೆ. ಇಂಥ ಆಹಾರಗಳಲ್ಲಿ ಅದು ಇದೆ ಎಂಬುದನ್ನು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಅದು ಒಳ್ಳೆಯ ವಸ್ತುವಲ್ಲ, ಕಂದುಬಣ್ಣ ಹೆಚ್ಚಿದಷ್ಟೂ ಅದೂ ಹೆಚ್ಚು. ಎಣ್ಣೆ ಕಡಿಮೆ ಮಾಡಲು ಹೋಗಿ ಸೀದ ಬಿಲ್ಲೆಗಳನ್ನು ಹಿರಿಯರಿಗೆ ತಿನ್ನಿಸುವುದರಲ್ಲಿ ಅರ್ಥವಿಲ್ಲ. ಗುಂಡಿಯ ಮೂವತ್ತು ಡಿಗ್ರಿ ನನ್ನನ್ನು ಅಷ್ಟು ಕಾಡಿದ್ದು ಇದಕ್ಕೇ.

ಆಲೂಗಡ್ಡೆಯೂ ವರ್ಷವಿಡೀ ಒಂದೇ ತರಹ ಇರುವುದಿಲ್ಲ. ನಾವಿರುವುದು ಮೈಸೂರಿನಲ್ಲಿ. ಮುಂಗಾರಿನಲ್ಲಿ ಬಿತ್ತಿದ ಹಾಸನದ ಆಲೂಗಡ್ಡೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ದೇವರಾಜ ಮಾರುಕಟ್ಟೆಗೆ ಬಂದಾಗ, ಮಣ್ಣು ಅಂಟಿದ ಆ ಹೊಸ ಗಡ್ಡೆಗಳ ಬಿಲ್ಲೆ ಬೆಳ್ಳಗೆ, ಸಮವಾಗಿ ಗರಿಯಾಗುತ್ತದೆ. ಬೇರೆ ತಿಂಗಳುಗಳಲ್ಲಿ ಉತ್ತರದ ಶೀತಲಗೃಹಗಳಿಂದ ಬರುವ ಗಡ್ಡೆಗಳಲ್ಲಿ ಚಳಿಗೆ ಪಿಷ್ಟ ಸಕ್ಕರೆಯಾಗಿರುತ್ತದೆ, ತಿಂದರೆ ನಾಲಿಗೆಗೂ ಸಿಹಿ ತಿಳಿಯುತ್ತದೆ. ಅವು ಎಷ್ಟೇ ಜಾಗ್ರತೆ ಮಾಡಿದರೂ ಬೇಗ ಕಂದಾಗುತ್ತವೆ. ಅಂಥವನ್ನು ತಂದ ತಕ್ಷಣ ಬಳಸದೆ ಎರಡು ಮೂರು ವಾರ ಬಿದಿರು ಬುಟ್ಟಿಯಲ್ಲಿ ಮಹಡಿ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಇಟ್ಟರೆ ಸಕ್ಕರೆಯಲ್ಲಿ ಒಂದು ಭಾಗ ಮತ್ತೆ ಪಿಷ್ಟವಾಗುತ್ತದೆ, ಬಣ್ಣ ಸುಧಾರಿಸುತ್ತದೆ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡುವ ಅಭ್ಯಾಸವನ್ನು ನಾನು ಸಂಪೂರ್ಣ ಬಿಟ್ಟೆ. ಚಿಪ್ಸಿಗೆಂದೇ ಬೆಳೆಸಿದ ಕುಫ್ರಿ ಚಿಪ್ಸೋನಾದಂಥ ತಳಿಗಳು ಸಿಕ್ಕರೆ ಇಷ್ಟು ಶ್ರಮವೇ ಬೇಡ, ಆದರೆ ನನ್ನ ತರಕಾರಿಯವರ ಬಳಿ ಅವು ಬರುವುದಿಲ್ಲ.

ಓವನ್ನಿನ ಇನ್ನೊಂದು ಮಿತಿ ಟ್ರೇಯ ಅಳತೆ. ಒಂದು ಸಲಕ್ಕೆ 35 ಬಿಲ್ಲೆ, ಒಂದರ ಮೇಲೊಂದು ಬೀಳುವ ಹಾಗಿಲ್ಲ. 400 ಗ್ರಾಂ ಮುಗಿಸಲು ಮೂರು ಟ್ರೇ, ಹತ್ತಿರ ಹತ್ತಿರ ಎರಡು ಗಂಟೆ, ಕೊನೆಗೆ ಸಿಗುವುದು ಸುಮಾರು 90 ಗ್ರಾಂ. ನಾಲ್ಕು ಜನರಿಗೆ ಊಟದ ಜೊತೆ ಸಾಕು, ನೆಂಟರು ಬಂದ ದಿನ ಸಾಲದು. ಮೀಟರ್ ನೋಡಿದರೆ ಮೂರು ಟ್ರೇಗೆ ಒಂದೂಕಾಲು ಯೂನಿಟ್ ಕರೆಂಟು. ವಾರಕ್ಕೆ ಎರಡು ಬಾರಿಯಂತೆ ತಿಂಗಳಿಗೆ ಹತ್ತು ಹನ್ನೊಂದು ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾದ್ದರಿಂದ, ಫ್ಯಾನುಗಳು ಹಗಲೂ ರಾತ್ರಿ ತಿರುಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ನಾನು ಬಿಲ್ಲೆಗಳನ್ನು ವಾರಕ್ಕೆ ಒಂದೇ ಸಲಕ್ಕೆ ಇಳಿಸುತ್ತೇನೆ. ತಂಗಿಯ ಮನೆಯ ಏರ್ ಫ್ರೈಯರಿನಲ್ಲೂ ಮಾಡಿ ನೋಡಿದೆ. ಕರೆಂಟು ಕಡಿಮೆ ನಿಜ, ಆದರೆ ಹಗುರಾದ ಬಿಲ್ಲೆಗಳು ಗಾಳಿಗೆ ಎದ್ದು ಮೇಲಿನ ಜಾಲರಿಗೆ ಅಂಟಿಕೊಂಡವು, ಅರ್ಧ ಬೆಂದವು ಒಂದರ ಬೆನ್ನಿಗೆ ಒಂದು ಸೇರಿಕೊಂಡವು.

ಹೀಗಾಗಿ ಈ ಓವನ್‌ಗೆ ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕಳೆದ ಎರಡೂ ಅಂಕಗಳು ಆ ಗುಂಡಿಯವು. ಥರ್ಮಾಮೀಟರಿನ 450 ರೂಪಾಯಿಯನ್ನು ಓವನ್ನಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿಕೊಂಡು ಕೊಳ್ಳುವವರು ಕೊಳ್ಳಬಹುದು. ಬರೆದ ಅಂಕಿಯನ್ನು ನಂಬಿ ಇಟ್ಟು ಬೇರೆ ಕೆಲಸಕ್ಕೆ ಹೋಗುವವರಿಗೆ ಇದು ಹೊಂದುವುದಿಲ್ಲ.

ಈ ಮಾರ್ಚಿನಲ್ಲಿ ಕೆಳಗಿನ ರಾಡು ಸುಟ್ಟುಹೋಯಿತು. ನಮ್ಮ ಬೀದಿಯ ರಿಪೇರಿ ಅಂಗಡಿಯವರು 650 ರೂಪಾಯಿಗೆ ಹೊಸದನ್ನು ಹಾಕಿಕೊಟ್ಟರು. ಥರ್ಮಾಮೀಟರ್ ಇಟ್ಟು ನೋಡಿದಾಗ 150ರ ಚುಕ್ಕೆಯಲ್ಲಿ ಈಗ 140 ಬರುತ್ತಿತ್ತು. ಹಳೆಯ ಚುಕ್ಕೆಯನ್ನು ಅಳಿಸಿ, ಎರಡು ಮಿಲಿಮೀಟರ್ ಬಲಕ್ಕೆ ಹೊಸದನ್ನು ಇಟ್ಟಿದ್ದೇನೆ. 120 ಮತ್ತು 180ರ ಚುಕ್ಕೆಗಳನ್ನು ಬರುವ ಭಾನುವಾರ ನೋಡಬೇಕು.