ನಾಲ್ಕು ವರ್ಷದ ಓವನ್, ಮೂರು ವರ್ಷದ ಕರೆಂಟ್ ಒಲೆ: ತಿಕ್ಕಿ ತಿಕ್ಕಿ ಬರೆದ ವಿಮರ್ಶೆ

ಧಾರವಾಡದ ನಮ್ಮ ಮನೆಗೆ 28 ಲೀಟರಿನ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಕರೆಂಟ್) ಓವನ್ ಬಂದು ನಾಲ್ಕು ವರ್ಷ ಆಯಿತು. 2000 ವ್ಯಾಟಿನ ಇನ್‌ಫ್ರಾರೆಡ್ ಒಲೆ ಬಂದು ಮೂರು. ಕೇಕ್ ಎಷ್ಟು ಉಬ್ಬುತ್ತದೆ, ಹಾಲು ಎಷ್ಟು ಬೇಗ ಕಾಯುತ್ತದೆ ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುವುದು ತಿಕ್ಕುವ ಕೆಲಸದ ಬಗ್ಗೆ. ಕೊಳ್ಳುವಾಗ ಅಂಗಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಮೊದಲು ಒಲೆ. ಇಂಡಕ್ಷನ್ ಬಿಟ್ಟು ಇದನ್ನು ತಂದದ್ದು ನಮ್ಮ ಹಳೇ ಅಲ್ಯುಮಿನಿಯಂ ಪಾತ್ರೆಗಳಿಗಾಗಿ. ಇಂಡಕ್ಷನ್‌ಗೆ ಅವು ನಡೆಯುವುದಿಲ್ಲ, ಇದಕ್ಕೆ ಯಾವ ಪಾತ್ರೆಯಾದರೂ ಸರಿ. ಆದರೆ ಗಾಜಿನ ಕೆಳಗಿನ ಕಾಯಿಲ್ ಕೆಂಪಗೆ ಕಾದು ಗಾಜನ್ನೂ ಕಾಯಿಸುತ್ತದೆ. ಸ್ವಿಚ್ ಆರಿಸಿ, ಕೆಂಪು ಹೋದ ಮೇಲೂ ಬಹಳ ಹೊತ್ತು ಗಾಜು ಸುಡುತ್ತಲೇ ಇರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಮೊದಲ ವಾರವೇ ಒದ್ದೆ ಅರಿವೆ ಹಾಕಿ ಒರೆಸಲು ಹೋಗಿ ಬೆರಳ ತುದಿ ಸುಟ್ಟುಕೊಂಡೆ. ಆವಿಯೂ ಸುಡುತ್ತದೆ ಅಂತ ಆಗ ತಿಳಿಯಿತು.

ದೊಡ್ಡ ಪಾಠ ಆದದ್ದು ನಾಗರಪಂಚಮಿಗೆ. ಶೇಂಗಾ ಉಂಡಿಗೆ ಬೆಲ್ಲದ ಪಾಕ ಇಟ್ಟಿದ್ದೆ, ಉಕ್ಕಿ ಗಾಜಿನ ಮೇಲೆ ಹರಿಯಿತು. "ಆರಲಿ ತಡಿ, ಆಮ್ಯಾಲೆ ತಿಕ್ಕಿದ್ರಾತು" ಅಂದರು ಅತ್ತೆ. ಗ್ಯಾಸ್ ಒಲೆಗೆ ಅದು ಸರಿಯಾದ ಮಾತೇ. ಇಲ್ಲಿ ಮಾತ್ರ ತಲೆಕೆಳಗಾಯಿತು. ಮರುದಿನ ಪಾಕ ಕಲ್ಲಾಗಿತ್ತು. ಎಬ್ಬಿಸಿದಾಗ ಗಾಜಿನ ಚೂರನ್ನೂ ಕಿತ್ತುಕೊಂಡು ಬಂತು. ಎಳ್ಳಿನ ಕಾಳಿನಷ್ಟು ಕುಳಿ ಇವತ್ತಿಗೂ ಇದೆ, ಬೆರಳಾಡಿಸಿದರೆ ತಾಕುತ್ತದೆ. ಸಕ್ಕರೆ, ಬೆಲ್ಲ ಗಾಜಿಗೆ ಅಂಟಿಕೊಂಡು ಆರುವಾಗ ಬಿಗಿಯುತ್ತವೆ, ಅದಕ್ಕೇ ಹೀಗೆ. ಈಗ ಪಾಕ ಚೆಲ್ಲಿದರೆ ಕೂಡಲೇ ಪ್ಲಗ್ ಕಿತ್ತು, ದಪ್ಪ ಕೈಗವಸು ಹಾಕಿಕೊಂಡು, ಬಿಸಿ ಇರುವಾಗಲೇ ಉದ್ದ ಹಿಡಿಯ ಬ್ಲೇಡ್ ಸ್ಕ್ರೇಪರನ್ನು ಓರೆಯಾಗಿ ಹಿಡಿದು ಎಬ್ಬಿಸುತ್ತೇನೆ. ಹಾಲು, ಬೇಳೆ, ಎಣ್ಣೆ ಚೆಲ್ಲಿದರೆ ಈ ಅವಸರ ಬೇಡ, ಪೂರ್ತಿ ಆರಲಿ.

ನಮ್ಮದು ಬೋರ್ ನೀರು. ಗಾಜಿನ ಮೇಲೆ ಬಿಳಿ ಕಲೆ ಕೂತುಬಿಡುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಆರಿದ ಗಾಜಿಗೆ ಅರಿವೆಯಲ್ಲಿ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿದರೆ ಹೋಗುತ್ತದೆ. ಸ್ಟೀಲ್ ತಂತಿ ಮಾತ್ರ ಬೇಡ, ಗೀರು ಬೀಳುತ್ತದೆ. ಗಾಜು ಸೀಳಿದರೆ ಒಲೆಯನ್ನೇ ಬಳಸಬಾರದು. ನೀರು ಒಳಗಿಳಿದರೆ ಶಾಕ್ ಹೊಡೆಯುತ್ತದೆ.

ಇನ್ನು ಓವನ್. ಇಲ್ಲಿ ತಪ್ಪು ಪೂರ್ತಿ ನನ್ನದೇ. ಎರಡನೇ ವರ್ಷ, ಬದನೆಕಾಯಿ ಸುಟ್ಟೂ ಸುಟ್ಟೂ ಒಳಗೋಡೆ ಜಿಡ್ಡು ಹಿಡಿದಿತ್ತು. ಯಾವುದೋ ಓವನ್ ಕ್ಲೀನರ್ ಸ್ಪ್ರೇ ತರಿಸಿ ಮುಂದೆ ಹಿಂದೆ ನೋಡದೆ ಎಲ್ಲಾ ಕಡೆ ಹೊಡೆದೆ. ಜಿಡ್ಡೇನೋ ಹೋಯಿತು. ಜೊತೆಗೆ ಗೋಡೆಯ ಹೊಳಪೂ ಹೋಯಿತು, ಅಲ್ಯುಮಿನಿಯಂ ಟ್ರೇ ಕಪ್ಪಗಾಯಿತು. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಆಮೇಲೆ ಓದಿದೆ: ಕಾಸ್ಟಿಕ್ ಸೋಡಾ. ಅದು ಅಲ್ಯುಮಿನಿಯಂ ಅನ್ನು ತಿನ್ನುತ್ತದೆ, ಚರ್ಮವನ್ನೂ ಬಿಡುವುದಿಲ್ಲ. ಒಳಗೆ ಕಾಯುವ ರಾಡಿನ ಮೇಲೂ ಸ್ಪ್ರೇ ಬಿದ್ದಿದ್ದರಿಂದ ಮುಂದಿನ ಸಲ ಓವನ್ ಹಚ್ಚಿದಾಗ ಎದ್ದ ಹೊಗೆಗೆ ಕಣ್ಣು ಉರಿದು, ಕಿಟಕಿ ತೆಗೆದು ಎಲ್ಲರೂ ಹೊರಗೆ ಕೂತೆವು.

ಹುಬ್ಬಳ್ಳಿಯಿಂದ ಬಂದ ರಿಪೇರಿಯವನು ನೋಡಿ ನಕ್ಕ. "ಅಕ್ಕಾರ, ರಾಡಿಗೆ ಏನೂ ಹೊಡೀಬ್ಯಾಡ್ರಿ. ಖಾಲಿ ಓವನ್ ಕಾಯಿಸ್ರಿ, ಅದರ ಮ್ಯಾಲಿನ ಜಿಡ್ಡು ತಾನ ಸುಟ್ಟು ಹೊಕ್ಕೈತಿ." ಅವನ ಮಾತು ನಡೆಸಿಕೊಂಡು ಬಂದಿದ್ದೇನೆ, ರಾಡು ಇನ್ನೂ ಬದಲಿಸಿಲ್ಲ.

ಗೋಡೆಗೆ ಈಗ ಅಡುಗೆ ಸೋಡಾ. ಪ್ಲಗ್ ಕಿತ್ತು, ಓವನ್ ಪೂರ್ತಿ ಆರಿದ ಮೇಲೆ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಜಿಡ್ಡಿರುವಲ್ಲಿ ಮಾತ್ರ ಹಚ್ಚುತ್ತೇನೆ. ರಾಡಿಗೆ ತಾಗಿಸುವುದಿಲ್ಲ. ರಾತ್ರಿ ಬಿಟ್ಟು ಬೆಳಿಗ್ಗೆ ಒದ್ದೆ ಅರಿವೆಯಲ್ಲಿ ಮೂರು ನಾಲ್ಕು ಸಲ ಒರೆಸುತ್ತೇನೆ. ಸೋಡಾದ ಮೇಲೆ ವಿನೆಗರ್ ಸುರಿದು ಬುಸುಬುಸು ನೊರೆ ತೋರಿಸುವ ವಿಡಿಯೋಗಳಿವೆಯಲ್ಲ, ನೋಡಲು ಚಂದ ಅಷ್ಟೇ. ಒಂದು ಕ್ಷಾರ, ಒಂದು ಆಮ್ಲ, ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ. ಬೇರೆ ಬೇರೆ ಬಳಸಿದರೇ ಕೆಲಸ ಜಾಸ್ತಿ. ವಿನೆಗರ್ ಜೊತೆ ಬ್ಲೀಚ್ ಅಂತೂ ಬೇಡವೇ ಬೇಡ, ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಕೆಲಸ ಬೀಳುವುದು ಕೆಳಗಿನ ಪುಡಿ ಟ್ರೇಯನ್ನು ಮರೆತಾಗ. ಅದರಲ್ಲಿ ಉದುರಿದ ಬ್ರೆಡ್ ಚೂರು, ಎಣ್ಣೆ ಹನಿ ಪ್ರತಿ ಸಲ ಸುಟ್ಟು ಹೊಗೆಯಾಗಿ ಮೇಲೆ ಅಂಟುತ್ತವೆ. ಜಾಸ್ತಿ ಕೂತರೆ ಬೆಂಕಿಯೂ ಹತ್ತಬಹುದು. ನಮ್ಮ ಮಳೆಗಾಲದಲ್ಲಿ ಅದಕ್ಕೇ ಇರುವೆ ಸಾಲು ಬೇರೆ. ಪ್ರತಿ ಸಲ ಆರಿದ ಮೇಲೆ ಟ್ರೇ ಎಳೆದು ಕೊಡವಿದರೆ ಅರ್ಧ ನಿಮಿಷದ ಕೆಲಸ.

ತಿಕ್ಕುವ ದಿನ ಪ್ಲಗ್ಗನ್ನೂ ನೋಡಿ. 2000 ವ್ಯಾಟ್ ಅಂದರೆ 230 ವೋಲ್ಟಿಗೆ ಹತ್ತಿರಹತ್ತಿರ 9 ಆಂಪ್. 6 ಆಂಪಿನ ಸಾಕೆಟ್ಟಿಗೆ ಅದು ಭಾರ. ನಾನು ಸುಮ್ನೆ ಅಡಾಪ್ಟರ್ ಹಾಕಿ ನಡೆಸುತ್ತಿದ್ದೆ. ಒಂದು ದಿನ ಒರೆಸುವಾಗ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಮೆತ್ತಗಾಗಿದ್ದು ಕಂಡಿತು. ಅದೇ ವಾರ 16 ಆಂಪಿನ ಸಾಕೆಟ್ ಹಾಕಿಸಿದೆವು.

ಒಲೆಗೆ ಐದಕ್ಕೆ ನಾಲ್ಕು, ಓವನ್‌ಗೆ ಮೂರು. ಓವನ್‌ಗೆ ಕಡಿಮೆ ಕೊಟ್ಟದ್ದು ಬಾಗಿಲಿಗಾಗಿ. ಗಾಜು ಎರಡು ಪದರ, ನಡುವೆ ಜಿಡ್ಡು ಇಳಿಯುತ್ತದೆ, ಬಿಚ್ಚಲು ಸ್ಕ್ರೂ ಇಲ್ಲ. ಎರಡು ವರ್ಷದ ಹಿಂದಿನ ಬದನೆಕಾಯಿ ಎಣ್ಣೆಯ ಗೆರೆ ಅಲ್ಲೇ ನಿಂತಿದೆ. ಮನೆಗೆ ಬಂದವರೆಲ್ಲ ಮೊದಲು ನೋಡುವುದು ಅದನ್ನೇ. ಅತ್ತೆ ಈಗ ಬಾಗಿಲಿಗೊಂದು ಕಸೂತಿ ಅರಿವೆ ಇಳಿಬಿಟ್ಟಿದ್ದಾರೆ. ಓವನ್ ಹಚ್ಚುವ ಮುಂಚೆ ಅದನ್ನು ತೆಗೆಯುವುದು ನನಗೆ ಹೊಸ ಕೆಲಸ.